ಸಹಾಯ ಬೇಕು: ಪಂಪನನ್ನು ಓದಿಸುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನಾವು ನಾಲ್ಕು ಜನ ಭಾನುವಾರ ಸಂಜೆ ಕೂತು ಕುಮಾರವ್ಯಾಸನ ಭಾರತ ಓದುತ್ತಿದ್ದೆವು. ಭಾಮಿನಿ ಷಟ್ಪದಿಯ ಲಯ ಒಮ್ಮೆ ಸಿಕ್ಕರೆ ಸಾಕು, ಓದು ತಾನೇ ಓಡುತ್ತದೆ. ಆ ಧೈರ್ಯದಲ್ಲಿ ಪಂಪನ ವಿಕ್ರಮಾರ್ಜುನ ವಿಜಯಕ್ಕೆ, ಅಂದರೆ ಅವನು ಬರೆದ ಭಾರತಕ್ಕೆ, ಕೈ ಹಾಕಿದೆವು. ಅಲ್ಲೇ ಎಡವಟ್ಟಾಯಿತು! 10ನೇ ಶತಮಾನದ ಹಳಗನ್ನಡ. ಈಗ ಯಾರೂ ಬರೆಯದ ೞ, ಱ ಬೇರೆ. 14 ಆಶ್ವಾಸಗಳಿವೆ (ಅಂದರೆ ಅಧ್ಯಾಯಗಳು), ಎರಡು ತಿಂಗಳಾದರೂ ಮೊದಲನೆಯದೇ ಮುಗಿದಿಲ್ಲ.

ಬಿಡಲು ಮನಸ್ಸಿಲ್ಲ. ಕುತೂಹಲ ತಡೆಯದೆ ಮುಂದಕ್ಕೆ ಹಾರಿ ಕರ್ಣನ ಸಾವು ಓದಿದೆ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿ ಬರೆದ ಕವಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎನ್ನುತ್ತಾನೆ. ಅನ್ನ ಹಾಕುವವನ ಎದುರೇ ಸೋತವನನ್ನು ಹೊಗಳಲು ಎಂಥ ಗುಂಡಿಗೆ ಬೇಕು, ಅಲ್ವಾ? ಆಫೀಸಿನಲ್ಲಿ ಎಲ್ಲದಕ್ಕೂ ತಲೆಯಾಡಿಸಿ ಬರುವ ನನ್ನನ್ನು ಆ ಪದ್ಯ ವಾರವೆಲ್ಲ ಲೋಕಲ್ ಟ್ರೇನಿನಲ್ಲಿ ಕಾಡಿತು.

ಹಳಗನ್ನಡ ಬಲ್ಲವರು, ಕಲಿಸಿದ ಮೇಷ್ಟ್ರು ಯಾರಾದರೂ ತಿಂಗಳಿಗೆ ಎರಡು ಭಾನುವಾರ ನಮ್ಮ ಜೊತೆ ಕೂರಬಹುದೇ? ಕಾವ್ಯವನ್ನು ರಾಗವಾಗಿ ಓದುವ ಗಮಕ ಗೊತ್ತಿದ್ದರೆ ಇನ್ನೂ ಖುಷಿ. ಠಾಣೆ, ಕಲ್ಯಾಣ ಕಡೆಯವರಾದರೆ ಅನುಕೂಲ. ಮಾಟುಂಗಾ ಆದರೂ ಸರಿ, ನಾವೇ ಬರುತ್ತೇವೆ. ಹೊಸಗನ್ನಡ ಗದ್ಯಾನುವಾದ ಇರುವ ಪ್ರತಿ ಯಾರ ಮನೆಯಲ್ಲಾದರೂ ಸುಮ್ನೆ ಧೂಳು ತಿನ್ನುತ್ತಿದ್ದರೆ ಕಡ ಕೊಡಿ, ಜೋಪಾನವಾಗಿ ವಾಪಸ್ ಮಾಡುತ್ತೇವೆ. ದಯವಿಟ್ಟು "ಯೂಟ್ಯೂಬ್ ನೋಡಿ" ಅನ್ನಬೇಡಿ, ನೋಡಿ ಆಯಿತು.

ಚಹಾ, ಚುರುಮುರಿ ನಮ್ಮ ಲೆಕ್ಕ.