ಪದಚರ್ಚೆ: ‘ಬಚ್ಚುವುದು’ ಲ್ಯಾಪ್‌ಟಾಪಿಗೂ ಸಲ್ಲುತ್ತದೆಯೆ?

ಬಲ್ಲವರಿಗೆಲ್ಲ ನಮಸ್ಕಾರ. ಮಂಗಳೂರಿನ ರಿಪೇರಿ ಅಂಗಡಿಯೊಂದರಲ್ಲಿ ಕೇಳಿದ ಒಂದು ಕ್ರಿಯಾಪದ ಮೂರು ವಾರದಿಂದ ತಲೆಯಲ್ಲಿ ಕೂತಿದೆ. ಅದನ್ನು ಇಲ್ಲಿ ಇಳಿಸುತ್ತಿದ್ದೇನೆ.

ಮೊದಲು ಸಂದರ್ಭ. ನಾನು ಉಡುಪಿಯಲ್ಲಿ ಯಕ್ಷಗಾನದ ವಿಡಿಯೊ ಸಂಕಲನ ಮಾಡುವವ. ಮೇ ಕೊನೆಯ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ಆಟ ಮುಗಿಸಿದ ಮೇಲೆ ನನ್ನ ತಿರುಗಾಟ ಶುರು, ಅದೂ ಕೂತಲ್ಲೇ. ಆರು ತಿಂಗಳ ಆಟಗಳನ್ನು ಕತ್ತರಿಸಿ ಜೋಡಿಸಲಿಕ್ಕೆಂದೇ ಎರಡು ವರ್ಷದ ಹಿಂದೆ ಒಂದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತಗೊಂಡೆ. ಎಂಟು ಕೋರಿನ ಪ್ರೊಸೆಸರ್, 64 ಜಿಬಿ ಮೆಮೊರಿ, ಇಟ್ಟಿಗೆಯಂಥ 230 ವಾಟಿನ ಅಡಾಪ್ಟರ್. ಕ್ರಯ ಹೇಳುವುದು ಬೇಡ, ಮನೆಯವರೂ ಓದುತ್ತಾರೆ.

ಈ ಮೇ ಕೊನೆಗೆ ಅದು ಕೈಕೊಡಲು ತೊಡಗಿತು. ರೆಂಡರಿಗೆ, ಅಂದರೆ ಜೋಡಿಸಿದ್ದನ್ನೆಲ್ಲ ಒಂದೇ ವಿಡಿಯೊ ಮಾಡಲು, ಹಾಕಿದ ಮೊದಲ ಹತ್ತು ನಿಮಿಷ ಪ್ರೊಸೆಸರ್ 4 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಆಮೇಲೆ ಉಷ್ಣತೆ 100 ಡಿಗ್ರಿ ಮುಟ್ಟುತ್ತಲೇ 1.8ಕ್ಕೆ ಇಳಿಯುತ್ತದೆ. ಸ್ವಲ್ಪ ತಣಿದರೆ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಥ್ರಾಟಲ್ ಆಗುವುದು ಎನ್ನುತ್ತಾರೆ. ಮಂಗಳೂರಿಗೆ ಒಯ್ದೆ. ಅಂಗಡಿಯ ಹುಡುಗ ಅಡಿಯ ಮುಚ್ಚಳ ಬಿಚ್ಚಿ, ಒಂದು ನೋಟ ನೋಡಿ ಹೇಳಿದ:

“ಪ್ರೊಸೆಸರಿಗೆ ಬಚ್ಚುವುದು ಸರ್, ಬೇರೆಂತ ಇಲ್ಲ.”

ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಳುವಿನಲ್ಲಿ ಬಚ್ಚೆಲ್ ಎಂದರೆ ಆಯಾಸ, ‘ಎಂಕ್ ಬಚ್ಚುಂಡು’ ಎಂದರೆ ನನಗೆ ದಣಿವಾಗುತ್ತಿದೆ. ಹವ್ಯಕರಲ್ಲೂ ‘ಎನಗೆ ಬಚ್ಚುತ್ತು’ ಎನ್ನುವ ಮಾತುಂಟು. ಘಟ್ಟದ ಮೇಲಿನವರಿಗೆ ಮಾತ್ರ ಈ ಪದ ಕಷ್ಟ. ಮೈಸೂರಿನ ಗೆಳೆಯನಿಗೆ ಫೋನಿನಲ್ಲಿ ಇದನ್ನೇ ಹೇಳಿದರೆ “ಏನನ್ನ ಬಚ್ಚಿಟ್ಟಿದೆಯಂತೆ?” ಎಂದು ಕೇಳಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪದಕ್ಕಿಂತ ಹೆಚ್ಚಾಗಿ ಅದರ ವಿಭಕ್ತಿ. ಹುಡುಗ ‘ಪ್ರೊಸೆಸರ್ ಬಚ್ಚುತ್ತದೆ’ ಎನ್ನಲಿಲ್ಲ, ‘ಪ್ರೊಸೆಸರಿಗೆ’ ಎಂದ. ಹಸಿವು, ಚಳಿ, ಸೆಕೆ ಎಲ್ಲ ನಮ್ಮ ಭಾಷೆಗಳಲ್ಲಿ ‘ಗೆ’ ಹಚ್ಚಿಕೊಂಡೇ ಬರುತ್ತವೆ. ಅವು ನಾವು ಮಾಡುವ ಕೆಲಸಗಳಲ್ಲ, ನಮಗೆ ಆಗುವಂಥವು. ಯಂತ್ರವನ್ನು ಆತ ಆ ಸಾಲಿಗೆ ಸೇರಿಸಿಬಿಟ್ಟ. ಒಳಗೆ ನೋಡಿದರೆ ಅದು ಸರಿಯೂ ಹೌದು. ಪ್ರೊಸೆಸರಿಗೂ ಅದರ ಕಾವನ್ನು ಎಳೆದೊಯ್ಯುವ ತಾಮ್ರಕ್ಕೂ ನಡುವಿನ ಪೇಸ್ಟು, ಎಲೆಯ ಮೇಲಿನ ಗಂಧಪ್ರಸಾದ ಮರುದಿನಕ್ಕೆ ಒಣಗಿ ಬಿರಿಯುತ್ತದಲ್ಲ, ಹಾಗೆ ಆಗಿತ್ತು. ಫ್ಯಾನಿನ ಬಾಯಿಯ ತೆಳು ರೆಕ್ಕೆಗಳಿಗೆ ನಮ್ಮ ತೇವದ ಗಾಳಿಯಲ್ಲಿ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಶಾಖ ಹೊರಗೆ ಹೋಗಲು ದಾರಿಯೇ ಇಲ್ಲ. ಅಂಥಲ್ಲಿ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸುತ್ತದೆ. ವಿದ್ಯುತ್ತಿನ ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರಿಳಿಯುವುದರಿಂದ, ಸ್ವಲ್ಪ ಇಳಿಸಿದರೂ ಬಿಸಿ ಬಹಳ ಇಳಿಯುತ್ತದೆ. ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತದೆ ಎಂಬ ಅರ್ಥ ‘ಬಚ್ಚು’ವಿನಲ್ಲೇ ಇದೆ. ‘ಕೆಟ್ಟಿದೆ’ ಎನ್ನುವುದರಲ್ಲಿ ಅದಿಲ್ಲ.

‘ಕಾಯು’ ಯಾಕಾಗದು ಎಂದು ಯಾರಾದರೂ ಕೇಳಿಯಾರು. ಮಂಗಳೂರಿನಲ್ಲೇ 1894ರಲ್ಲಿ ಅಚ್ಚಾದ ಕಿಟ್ಟೆಲರ ಕೋಶ ತೆರೆದರೆ ಬಿಸಿಯಾಗು, ಕಾಪಾಡು, ಕಾಯಿಬಿಡು ಎಲ್ಲ ‘ಕಾಯ್’ನ ನೆರೆಹೊರೆಯಲ್ಲೇ ಇವೆ. ಲ್ಯಾಪ್‌ಟಾಪ್ ಕಾದಿತ್ತು, ನಾನೂ ಕಾದೆ, ಎರಡೂ ನಿಜ. ಆದರೆ ಕಾಯುವುದು ಕಾರಣ, ನಿಧಾನವಾಗುವುದು ಪರಿಣಾಮ. ನನಗೆ ಬೇಕಾದದ್ದು ಎರಡನೆಯದಕ್ಕೆ ಪದ.

ಇಂಗ್ಲಿಷಿನ ಪದವನ್ನೇ ಇಟ್ಟುಕೊಳ್ಳೋಣವೆಂದರೆ ಅದೇ ಎರಡು ನಾಲಗೆಯದು. ಮೂಲದಲ್ಲಿ ಅದು ಗಂಟಲಿಗೆ ಸಂಬಂಧಿಸಿದ್ದು, ಕುತ್ತಿಗೆ ಅಮುಕು ಎಂದರ್ಥ. ಎಂಜಿನ್ನಿಗೆ ಹೋಗುವ ಉಸಿರನ್ನು ಹಿಡಿದು ಬಿಡುವ ಕವಾಟಕ್ಕೆ ಆ ಹೆಸರು ಬಂತು. ಈಗ ಮಣಿಪಾಲದ ಬೈಕಿನ ಹುಡುಗರ ಬಾಯಲ್ಲಿ ‘ಥ್ರಾಟಲ್ ಕೊಡು’ ಎಂದರೆ ಓಡಿಸು ಎಂದು, ಅವರದೇ ಹಾಸ್ಟೆಲ್ ಕೋಣೆಯಲ್ಲಿ ‘ಥ್ರಾಟಲ್ ಆಗ್ತಿದೆ’ ಎಂದರೆ ಓಡುತ್ತಿಲ್ಲ ಎಂದು. ಒಬ್ಬನೇ ಹುಡುಗ ಗೇಟಿನ ಹೊರಗೊಂದು ಅರ್ಥ, ಒಳಗೊಂದು ಅರ್ಥ ಇಟ್ಟುಕೊಂಡಿದ್ದಾನೆ.

ಇಷ್ಟರಲ್ಲೇ ನಿಂತಿದ್ದರೆ ನಾನು ‘ಬಚ್ಚು’ವಿಗೆ ಓಟು ಹಾಕಿ ಸುಮ್ಮನಾಗುತ್ತಿದ್ದೆ. ಹೊಸ ಪೇಸ್ಟು ಬಿದ್ದು, ಧೂಳು ಹೋಗಿ, ಹತ್ತು ದಿನ ಯಂತ್ರ ಚೆನ್ನಾಗಿ ಓಡಿತು. ಹನ್ನೊಂದನೆಯ ದಿನ ಬೆಳಿಗ್ಗೆ ತೆರೆದರೆ 0.8 ಗಿಗಾಹರ್ಟ್ಸ್. ಅಲ್ಲಿಂದ ಅಲ್ಲಾಡುವುದಿಲ್ಲ. ಮುಟ್ಟಿ ನೋಡಿದೆ, ಬಾವಿಕಟ್ಟೆಯ ಹಾಗೆ ತಣ್ಣಗಿದೆ, ಉಷ್ಣತೆ 45 ಡಿಗ್ರಿ. ಡ್ರೈವರ್ ತೆಗೆದು ಹಾಕಿದೆ, ಬಯಾಸ್ ಹಳೆಯ ಸ್ಥಿತಿಗೆ ತಂದೆ, ಪವರ್ ಪ್ಲಾನಿನ ಗುಂಡಿಗಳನ್ನೆಲ್ಲ ಒತ್ತಿದೆ. ಅರ್ಧ ದಿನ ಹೋಯಿತು. ಕೊನೆಗೆ ಅದೇ ಹುಡುಗನಿಗೆ ಫೋನು ಮಾಡಿ “ಪುನಃ ಬಚ್ಚಲಿಕ್ಕೆ ಶುರುವಾಯಿತು ಮಾರಾಯ” ಎಂದೆ. ಬಿಸಿ ಉಂಟಾ ಎಂದು ಕೇಳಿದ. ಇಲ್ಲ ಎಂದೆ. ಚಾರ್ಜ್ ಆಗುವುದುಂಟಾ? ನೋಡಿದರೆ ಅದೂ ಇಲ್ಲ.

“ಹಾಗಾದರೆ ಅದು ಬಚ್ಚಿದ್ದಲ್ಲ ಸರ್. ಅದಕ್ಕೆ ಅಡಾಪ್ಟರಿನ ಗುರ್ತ ಸಿಕ್ಕಲಿಲ್ಲ.”

ಗುರ್ತ! ನನ್ನ ಯಂತ್ರದ ಅಡಾಪ್ಟರಿನ ತುದಿಯಲ್ಲಿ, ಕೊಳವೆಯ ನಟ್ಟನಡುವೆ, ಒಂದು ಸೂಜಿಯಂಥ ಪಿನ್ನಿದೆ. ಅದು ಕರೆಂಟು ತರುವುದಲ್ಲ, ‘ನಾನು 230 ವಾಟಿನವ’ ಎಂದು ಪರಿಚಯ ಹೇಳುವುದು. ಆ ಪಿನ್ನು ಬಾಗಿತ್ತು. ಬಾಗಿಲಿಗೆ ಬಂದವನು ಯಾರೆಂದು ಗೊತ್ತಾಗದೆ ಲ್ಯಾಪ್‌ಟಾಪ್ ಬ್ಯಾಟರಿಗೆ ಚಾರ್ಜು ನಿಲ್ಲಿಸಿ, ಬಂದದ್ದು ಸಣ್ಣ ಅಡಾಪ್ಟರಾಗಿದ್ದರೆ ಅದರ ಮೇಲೆ ದೊಡ್ಡ ಹೊರೆ ಬೀಳದಿರಲೆಂದು ತನ್ನ ವೇಗವನ್ನು ತಳಕ್ಕೆ ಇಳಿಸಿಕೊಂಡಿತ್ತು. ಇಂಗ್ಲಿಷಿನವರಿಗೆ ಇದೂ ಥ್ರಾಟಲ್ಲೇ. ಆ ಒಂದೇ ಹೆಸರನ್ನು ನಂಬಿ ಅರ್ಧ ದಿನ ಸಲ್ಲದ ಕಡೆಯೆಲ್ಲ ಹುಡುಕಿದವನು ನಾನು. ಮಂಗಳೂರಿನ ಹುಡುಗನ ಬಳಿ ಎರಡು ಪದವಿತ್ತು, ಹಾಗಾಗಿ ಎರಡು ಪ್ರಶ್ನೆಯಲ್ಲಿ ಮುಗಿಸಿದ.

ಈ ಎರಡನೆಯ ಬಗೆಗೆ ಕನ್ನಡದಲ್ಲಿ ಏನನ್ನೋಣ? ಇಲ್ಲಿ ‘ಗೆ’ ಸಲ್ಲದು, ಯಂತ್ರ ತಾನೇ ಮಾಡಿಕೊಂಡದ್ದು ಇದು. ನನಗೆ ಹೊಳೆದದ್ದು ‘ಕಾಲ ಇಳಿಸಿಕೊಳ್ಳು’. ಪ್ರೊಸೆಸರಿನ ಕ್ಲಾಕ್ ಎಂದರೆ ಗಡಿಯಾರಕ್ಕಿಂತ ತಾಳಕ್ಕೇ ಹತ್ತಿರ, ಒಳಗಿನ ಕೆಲಸವೆಲ್ಲ ಆ ಬಡಿತಕ್ಕೆ ಹೆಜ್ಜೆ ಹಾಕಬೇಕು. ಸಂಗೀತದಲ್ಲಿ ಒಂದನೆಯ ಕಾಲ, ಎರಡನೆಯ ಕಾಲ ಎನ್ನುವಾಗಲೂ ನಾವು ಹೇಳುವುದು ವೇಗವನ್ನೇ. ‘ತಗ್ಗಿಸಿಕೊಳ್ಳು’ ಎಂದರೂ ಆದೀತು, ಆದರೆ ಅದಕ್ಕೆ ತಲೆ ತಗ್ಗಿಸಿದ ನಾಚಿಕೆಯ ನೆರಳಿದೆ. ‘ವೇಗನಿಯಂತ್ರಣ’ ಎಂದು ಯಾರೂ ಸೂಚಿಸಬೇಡಿ, ಅದು ಹೆದ್ದಾರಿ ಬದಿಯ ಫಲಕದ ಭಾಷೆ.

ಈಗ ಕೇಳಬೇಕಾದದ್ದು. ಕುಂದಾಪುರ ಕಡೆಯವರು ದಣಿವಿಗೆ ‘ಬಚ್ಚು’ ಬಳಸುವುದುಂಟೆ, ಉಂಟಾದರೆ ‘ಗೆ’ ಹಚ್ಚಿಯೇ ಹೇಳುತ್ತೀರಾ? ಹಳಗನ್ನಡದ ಪದ್ಯಗಳಲ್ಲಿ ಈ ಅರ್ಥದಲ್ಲಿ ಅದನ್ನು ಯಾರಾದರೂ ಕಂಡಿದ್ದರೆ ಸಾಲು ಸಹಿತ ಬರೆಯಿರಿ. ಧಾರವಾಡ, ಕಲಬುರಗಿ ಕಡೆಯ ರಿಪೇರಿ ಅಂಗಡಿಗಳಲ್ಲಿ ಕಾದು ನಿಧಾನವಾದ ಯಂತ್ರಕ್ಕೆ ಏನನ್ನುತ್ತಾರೆ? ‘ಸ್ಲೋ ಆಗ್ಯದ’ ಬಿಟ್ಟು ಬೇರೆ ಏನಾದರೂ ಇದ್ದರೆ ಅದು ಬೇಕು.

ಹೊಸ ಅಡಾಪ್ಟರ್ ಶುಕ್ರವಾರ ಬರುತ್ತದಂತೆ. ಅಲ್ಲಿಯವರೆಗೆ ಈ 0.8ರಲ್ಲೇ ಓದುತ್ತಿರುತ್ತೇನೆ, ಉದ್ದದ ಪತ್ರವಾದರೂ ಅಡ್ಡಿಯಿಲ್ಲ.