ಫಾಕ್ಸ್‌ಪ್ರೊ ಗ್ರಿಡ್‌ನಲ್ಲಿ ಚೆಕ್‌ಬಾಕ್ಸ್ ನಿಲ್ತಾ ಇಲ್ಲ

ಮಂಡಿಲೆಕ್ಕ:
ವಿಷುಯಲ್ ಫಾಕ್ಸ್‌ಪ್ರೊ 9 (ಮೈಕ್ರೋಸಾಫ್ಟ್‌ನ ಹಳೇ ಡೇಟಾಬೇಸ್ ಪ್ರೋಗ್ರಾಮಿಂಗ್ ಟೂಲ್) ಇನ್ನೂ ಮುಟ್ಟೋರು ಯಾರಾದ್ರೂ ಇದೀರಾ? ಒಂದು ಅಡಿಕೆ ಮಂಡಿ ಬಿಲ್ಲಿಂಗ್ ನೋಡ್ಕೋತೀನಿ, ಬರೆದೋರು ಬಿಟ್ಟು ಹೋಗಿ ಕಾಲ ಆಯ್ತು. ಲಾಟ್ ಪಟ್ಟಿ ಗ್ರಿಡ್‌ನಲ್ಲಿದೆ (ಸಾಲು, ಕಾಲಮ್ ಇರೋ ಕೋಷ್ಟಕ), ಕೊನೇ ಕಾಲಮ್‌ಗೆ 'ತೂಕ ಆಯ್ತು' ಅಂತ ಚೆಕ್‌ಬಾಕ್ಸ್ ಕೂರಿಸಿದೀನಿ. ಫಾರ್ಮ್ ತೆಗೆದಾಗ ಚೆನ್ನಾಗೇ ಇರತ್ತೆ, ಅಡಿಕೆ ಬಗೆ ಆರಿಸೋ ಕಾಂಬೋದಲ್ಲಿ ರಾಶಿ ಬಿಟ್ಟು ಬೆಟ್ಟೆ ಆರಿಸಿದ್ರೆ ಸಾಕು ಚೆಕ್‌ಬಾಕ್ಸ್ ಹೋಗಿ ಬರೀ ಟಿ, ಎಫ್ ಅಕ್ಷರ, ಹೆಡರ್‌ನಲ್ಲಿ ಫೀಲ್ಡ್ ಹೆಸರು, ಅಗಲ ಎಲ್ಲ ಎಕ್ಕುಟ್ಟೋಗತ್ತೆ. ಅದೇ ಕರ್ಸರ್ (ತಾತ್ಕಾಲಿಕ ಟೇಬಲ್) ಹೆಸರಿಗೆ ಸೆಲೆಕ್ಟ್ ಕ್ವೆರಿ ಮತ್ತೆ ಓಡಿಸಿ, ಗ್ರಿಡ್ ಡೇಟಾ ಎಲ್ಲಿಂದ ತಗೋಬೇಕು ಅನ್ನೋ ರೆಕಾರ್ಡ್‌ಸೋರ್ಸ್‌ಗೆ ಕೊಡ್ತೀನಿ ಅಷ್ಟೇ. ಎಲ್ಲ ಸಾಲಲ್ಲೂ ಚೆಕ್‌ಬಾಕ್ಸ್ ತೋರ್ಸೋಕೆ ಸ್ಪಾರ್ಸ್ ಫಾಲ್ಸೇ ಇದೆ, ಅದನ್ನ ಮಾತ್ರ ಹೇಳ್ಬೇಡಿ.

ಡಿಬಿಎಫ್‌ಪ್ರೇಮಿ:
ಸೆಲೆಕ್ಟ್‌ಗೆ ಮುಂಚೆ ರೆಕಾರ್ಡ್‌ಸೋರ್ಸ್ ಖಾಲಿ ಸ್ಟ್ರಿಂಗ್ ಮಾಡಿ, ಆಮೇಲೆ ವಾಪಸ್ ಕೊಡಿ. ಕಾಲಮ್ ಉಳಿಯತ್ತೆ. ಕಂಟ್ರೋಲ್‌ಸೋರ್ಸ್ (ಯಾವ ಕಾಲಮ್‌ಗೆ ಯಾವ ಫೀಲ್ಡ್ ಅನ್ನೋದು) ಒಂದೊಂದಕ್ಕೂ ಮತ್ತೆ ಬರೀಬೇಕಾಗ್ಬೋದು.

ಹಳೇನರಿ:
ಅದು ನಡೆಯತ್ತೆ, ಆದ್ರೆ ನಂಗೆ ಇಷ್ಟ ಇಲ್ಲ, ಕಾಲಮ್ ಜಾಸ್ತಿ ಇದ್ರೆ ಎಲ್ಲೋ ಒಂದು ಮರ್ತೇ ಮರೀತೀವಿ. ಕರ್ಸರ್ ಮುಚ್ಚಿಹೋದ ಕೂಡ್ಲೇ ಗ್ರಿಡ್ ತನ್ನ ಕಾಲಮ್ ಬಿಚ್ಚಿ ಹೊಸದಾಗಿ ಕಟ್ಕೊಳತ್ತೆ, ರೋಗ ಇರೋದೇ ಅಲ್ಲಿ. ಹಾಗಾಗಿ ಕರ್ಸರ್ ಮುಚ್ಚೋಕೇ ಬಿಡ್ಬೇಡಿ. ಫಾರ್ಮ್‌ನ ಲೋಡ್ ಇವೆಂಟ್‌ನಲ್ಲಿ ಒಂದೇ ಸಲ ಕ್ರಿಯೇಟ್ ಕರ್ಸರ್ ಮಾಡಿ, ಇನಿಟ್‌ನಲ್ಲಿ ಮಾಡಿದ್ರೆ ತಡ ಆಯ್ತು, ಅಷ್ಟೊತ್ತಿಗೆ ಗ್ರಿಡ್ ಹುಟ್ಟಿರತ್ತೆ. ಪ್ರತಿ ಸಲ ಸೆಲೆಕ್ಟ್‌ನ ಬೇರೆ ಹೆಸರಿನ ಕರ್ಸರ್‌ಗೆ ತಗೊಂಡು, ಗ್ರಿಡ್‌ನ ಕರ್ಸರ್‌ನ ಝ್ಯಾಪ್ ಮಾಡಿ (ಪೂರ್ತಿ ಖಾಲಿ), ಅಪೆಂಡ್ ಫ್ರಮ್‌ನಿಂದ ಹೊಸ ಸಾಲು ತುಂಬಿ, ಆಮೇಲೆ ಗೋ ಟಾಪ್ ಅಂತ ಮೊದಲ ಸಾಲಿಗೆ ಹೋಗಿ. ಫಾರ್ಮ್‌ಗೆ ಅದರದ್ದೇ ಪ್ರೈವೇಟ್ ಡೇಟಾ ಸೆಷನ್ ಇದ್ರೆ ಸೆಟ್ ಸೇಫ್ಟಿ ಆಫ್ ಅನ್ನೋದನ್ನೂ ಲೋಡ್‌ನಲ್ಲೇ ಹಾಕಿ, ಇಲ್ದಿದ್ರೆ ಝ್ಯಾಪ್ ಮಾಡ್ದಾಗೆಲ್ಲ ಅಳಿಸ್ಲಾ ಅಂತ ಕೇಳತ್ತೆ. ಇನ್ನೊಂದು, ಟಿಕ್ ಮಾಡಿದ್ದು ಕರ್ಸರ್‌ನಲ್ಲಷ್ಟೇ ಇರತ್ತೆ, ಝ್ಯಾಪ್‌ಗೆ ಮುಂಚೆ ಟೇಬಲ್‌ಗೆ ಬರ್ಕೊಳ್ಳಿ, ಇಲ್ಲಾಂದ್ರೆ ತೂಕದೋನು ನಿಮ್ಮನ್ನ ಹುಡುಕ್ಕೊಂಡು ಬರ್ತಾನೆ.

ಮಂಡಿಲೆಕ್ಕ:
ಚೆಕ್‌ಬಾಕ್ಸ್ ನಿಲ್ತು! ಆದ್ರೆ ಬೆಟ್ಟೆ ಅಂದ್ರೆ ರಾಶಿ, ಸರಕು, ಗೊರಬಲು ಎಲ್ಲಾ ಬರ್ತಿದೆ. ಸೆಲೆಕ್ಟ್ ಆದ್ಮೇಲೆ ಬ್ರೌಸ್ ಮಾಡಿದ್ರೆ ಬೆಟ್ಟೆ ಒಂದೇ ಇದೆ, ಗ್ರಿಡ್‌ಗೆ ಹೋಗೋದ್ರಲ್ಲಿ ಏನಾಗತ್ತೋ.

ಹಳೇನರಿ:
ಸಾರಿ, ಹೇಳೋದು ಮರ್ತೆ. ಸೆಲೆಕ್ಟ್ ಕೊನೇಲಿ ನೋಫಿಲ್ಟರ್ ಹಾಕಿ. ಸಿಂಪಲ್ ಸೆಲೆಕ್ಟ್ ಆದ್ರೆ ಫಾಕ್ಸ್ ನಿಜವಾದ ಕರ್ಸರ್ ಮಾಡಲ್ಲ, ನಿಮ್ಮ ಟೇಬಲ್‌ಗೇ ಫಿಲ್ಟರ್ ಹಾಕಿ ತೋರ್ಸತ್ತೆ, ಅಪೆಂಡ್ ಮಾತ್ರ ಆ ಟೇಬಲ್ ಪೂರ್ತಿ ಓದತ್ತೆ. ಅಪೆಂಡ್ ಫ್ರಮ್‌ಗೆ ಡಿಬಿಎಫ್ ಫಂಕ್ಷನ್ (ಕರ್ಸರ್ ಹಿಂದಿರೋ ಫೈಲ್ ಹೇಳತ್ತೆ) ಕೊಡ್ತೀರಲ್ಲ, ಅದನ್ನ ಮೆಸೇಜ್‌ಬಾಕ್ಸ್‌ಗೆ ಹಾಕಿ ನೋಡಿ.

ಮಂಡಿಲೆಕ್ಕ:
ಹೌದು ಸರ್, ಮೇನ್ ಟೇಬಲ್ ಫೈಲ್ ಪಾತೇ ಬಂತು. ನೋಫಿಲ್ಟರ್ ಹಾಕಿದ್ಮೇಲೆ ಬೆಟ್ಟೆ 11 ಲಾಟ್ ಮಾತ್ರ.