ಸ್ಪ್ಯಾನಿಷ್ ವಿಧ್ಯರ್ಥ: ನೀವೆಲ್ಲ ಹೇಗೆ ಕಲಿತಿರಿ?

ಹುಬ್ಬಳ್ಳಿಯವಳು: ಮೆಕ್ಸಿಕೊದ ಗ್ವಾದಲಹಾರದಲ್ಲಿರುವ ತಂಡವೊಂದನ್ನು ಬೆಂಗಳೂರಿನಿಂದ ನೋಡಿಕೊಳ್ಳುವ ಹೊಣೆ ನನಗೆ ಬಂದಿದೆ. ಆರು ವಾರ ಸಮಯವಿದೆ. ವರ್ತಮಾನ, ಭೂತಕಾಲಗಳು ಹೇಗೋ ಹಿಡಿತಕ್ಕೆ ಬಂದಿವೆ. ವಿಧ್ಯರ್ಥದಲ್ಲಿ, ಅಂದರೆ ಏನಾದರೂ ಮಾಡು, ಮಾಡಬೇಡ ಎಂದು ಹೇಳಬೇಕಾದಾಗ ಮಾತ್ರ ನಾಲಿಗೆ ತೊಡರುತ್ತದೆ. ‘ಆಬ್ಲಾ’ ಎಂದರೆ ಮಾತನಾಡು. ಬೇಡ ಎನ್ನುವಾಗ ಅದು ‘ನೋ ಆಬ್ಲೆಸ್’, ಬಹುವಚನ ಕೊಟ್ಟು ಮಾತನಾಡಿಸಿದರೆ ‘ಆಬ್ಲೆ’. ಸ್ಪೇನಿನಲ್ಲಿ ಸಲಿಗೆಯವರ ಗುಂಪಿಗೆ ‘ನೀವೆಲ್ಲ’ ಎನ್ನಲು ಬಳಸುವ ‘ಬೊಸೋತ್ರೋಸ್’ ರೂಪಗಳನ್ನೂ ಕಲಿಯಬೇಕೇ? ಅನುಭವ ಇದ್ದವರು ತಿಳಿಸಿ.

ಮ್ಯಾಡ್ರಿಡ್ ವಾಸಿ: ನಾನು ಕಲಿತದ್ದು ಎಕ್ಸ್‌ರೇ ಕೋಣೆಯಲ್ಲಿ. 2019ರ ಜನವರಿ, ಮೂರು ವಾರದಿಂದ ಬಿಡದ ಕೆಮ್ಮು. ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತಿದ್ದೆ. ಗಾಜಿನ ಆಚೆಯಿಂದ ಹೆಣ್ಣುದನಿ ಬಂತು: ‘ಕೋಹಾ ಆಯ್ರೆ. ನೋ ರೆಸ್ಪಿರೆ.’ ಗಾಳಿ ಎಳೆದುಕೊಳ್ಳಿ, ಉಸಿರಾಡಬೇಡಿ ಎಂದರ್ಥ. ನನ್ನ ಕಿವಿ ಹಿಡಿದದ್ದು ‘ರೆಸ್ಪಿರೆ’ ಒಂದನ್ನೇ. ಉಸಿರಾಡಿ ಎನ್ನುತ್ತಿದ್ದಾರೆ ಎಂದುಕೊಂಡು ಜೋರಾಗಿ ಉಸಿರಾಡಿದೆ. ಚಿತ್ರ ಕೆಟ್ಟಿತು. ಎರಡನೆಯ ಸಲವೂ ಅದೇ ಕಥೆ. ಮೂರನೆಯ ಸಲ ಆಕೆ ಹೊರಗೆ ಬಂದು, ತನ್ನ ಮೂಗು ಹಿಡಿದು ತೋರಿಸಿದರು. ‘ಉಸ್ತೆದ್’ ಎಂದು ಗೌರವದಿಂದ ಹೇಳುವಾಗ ಕ್ರಿಯಾಪದ ಬದಲಾಗುವುದೇ ಇಲ್ಲ, ಇಡೀ ನಿಷೇಧ ‘ನೋ’ ಎಂಬ ಒಂದಕ್ಷರದ ಮೇಲೆ ನಿಂತಿರುತ್ತದೆ. ಸಲಿಗೆಯಲ್ಲಾದರೆ ‘ರೆಸ್ಪಿರಾ’ ಇದ್ದದ್ದು ‘ನೋ ರೆಸ್ಪಿರೆಸ್’ ಆಗಿ ಎಚ್ಚರಿಸುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಕಾಫಿ. ಮೊದಲ ಎಂಟು ತಿಂಗಳು ‘ತಾವು ದಯಮಾಡಿ ಕೊಡಬಹುದೇ’ ಎಂಬ ಧಾಟಿಯ ಉದ್ದನೆಯ ವಾಕ್ಯ ಕಟ್ಟುತ್ತಿದ್ದೆ. ನಾನು ಮುಗಿಸುವಷ್ಟರಲ್ಲಿ ಪಕ್ಕದವರು ‘ಪೋನ್ಮೆ ಉನ್ ಕಫೆ’, ಅಂದರೆ ‘ಒಂದು ಕಾಫಿ ಕೊಡು’ ಎಂದು ಹೇಳಿ, ಕುಡಿದು, ಹೊರಟೇ ಹೋಗುತ್ತಿದ್ದರು. ಇಲ್ಲಿ ಅದು ಒರಟುತನವಲ್ಲ. ಬೊಸೋತ್ರೋಸ್ ಖಂಡಿತ ಕಲಿಯಿರಿ. ಅದಿಲ್ಲದ ಸ್ಪ್ಯಾನಿಷ್ ಅರ್ಧ ಸ್ಪ್ಯಾನಿಷ್.

ಮೆಕ್ಸಿಕೊ ಗ್ರಾಹಕರೊಂದಿಗೆ ಏಳು ವರ್ಷ: ‘ಅರ್ಧ ಸ್ಪ್ಯಾನಿಷ್’ ಎಂಬ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ ಸರ್. ಜಗತ್ತಿನಲ್ಲಿ ಅತಿ ಹೆಚ್ಚು ಸ್ಪ್ಯಾನಿಷ್ ಮಾತನಾಡುವವರು ಇರುವುದು ಮೆಕ್ಸಿಕೊದಲ್ಲಿ. ಅಲ್ಲಿ ಗುಂಪಿಗೆ ‘ಉಸ್ತೆದೆಸ್’ ಒಂದೇ. ನಾನು ಸ್ಪೇನಿನ ಪಠ್ಯ ಹಿಡಿದು ಕಲಿಸುವ ಕಡೆ 42,000 ರೂಪಾಯಿ ಕಟ್ಟಿದೆ, ಪುಸ್ತಕಕ್ಕೆ ಬೇರೆ 1,850. ಐದು ತಿಂಗಳ ಶನಿವಾರಗಳಲ್ಲಿ ಎರಡು ಇಡೀ ಶನಿವಾರ ‘ಆಬ್ಲಾದ್, ಕೋಮೆದ್, ನೋ ಆಬ್ಲೇಯಿಸ್’ ಎಂಬ ಬೊಸೋತ್ರೋಸ್ ಗಿಳಿಪಾಠಕ್ಕೇ ಹೋದವು. ಏಳು ವರ್ಷದಲ್ಲಿ ಒಂದು ಸಲವೂ ಬಾಯಿಗೆ ಬೇಕಾಗಲಿಲ್ಲ.

ಅದೇ ಪಾಠದಲ್ಲಿ ‘ಹಿಡಿ, ತೆಗೆದುಕೋ’ ಎಂಬುದಕ್ಕೆ ‘ಕೋಹೆ’ ಎಂದು ಕಲಿಸಿದ್ದರು. ಹದಿನಾಲ್ಕು ಜನರಿದ್ದ ಕರೆಯಲ್ಲಿ ಅದರ ಗೌರವರೂಪ ಬಳಸಿ ‘ಕೋಹಾ ಎಲ್ ತೆಲೆಫೋನೊ’ ಎಂದೆ, ಫೋನ್ ಎತ್ತಿಕೊಳ್ಳಿ ಎಂಬರ್ಥದಲ್ಲಿ. ಮೆಕ್ಸಿಕೊದಲ್ಲಿ ಅದು ಬಾಯಲ್ಲಿ ಹೇಳಬಾರದ ಮಾತು, ‘ತೋಮೆ’ ಎನ್ನಬೇಕಿತ್ತು. ಆವತ್ತಿನ ಮೌನ ಇವತ್ತಿಗೂ ಮರೆತಿಲ್ಲ. ಎರಡೇ ತಿಂಗಳಿಗೆ, ನಿವೃತ್ತಿಯ ಅಂಚಿನಲ್ಲಿದ್ದ ಅಧಿಕಾರಿಯೊಬ್ಬರಿಗೆ ‘ಎನ್‌ಬೀಯಾಮೆ’ ಎಂದು ಪತ್ರ ಬರೆದೆ, ಫೈಲ್ ಕಳುಹಿಸು ಎಂದು ಏಕವಚನದಲ್ಲಿ. ‘ಎನ್‌ಬೀಯೆಮೆ’ ಆಗಬೇಕಿತ್ತು. ಒಂದು ಸ್ವರದ ತಪ್ಪಿಗೆ ಮೂರು ವಾರ ಕರೆಗಳಿಂದ ಹೊರಗಿಟ್ಟರು.

ಮ್ಯಾಡ್ರಿಡ್ ವಾಸಿ: ‘ಕೋಹೆ’ ಇಲ್ಲಿ ಮಕ್ಕಳೂ ದಿನಕ್ಕೆ ಇಪ್ಪತ್ತು ಸಲ ಆಡುವ ಪದ. ನಿಮ್ಮ ಪೇಚಿಗೆ ಸ್ಪೇನನ್ನು ದೂರಬೇಡಿ. ಬೊಸೋತ್ರೋಸ್ ಸತ್ತ ರೂಪವೂ ಅಲ್ಲ. ‘ಹೊರಡಿ’ ಎನ್ನಲು ವ್ಯಾಕರಣದ ಪ್ರಕಾರ ‘ಈದೋಸ್’ ಎನ್ನಬೇಕು, ಜನ ಮಾತ್ರ ‘ಈರೋಸ್’ ಎನ್ನುತ್ತಿದ್ದರು. ಕೊನೆಗೆ 2017ರಲ್ಲಿ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯೇ ಅದನ್ನು ಒಪ್ಪಿತು. ಜನರ ನಾಲಿಗೆಗೆ ಅಕಾಡೆಮಿ ತಲೆಬಾಗಿದ ಭಾಷೆ ಇದು.

ಡೆಲೆ ಬರೆದವಳು: ಬೀದಿಯಲ್ಲಿ ಏನೇ ನಡೆಯಲಿ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಸ್ಪ್ಯಾನಿಷ್ ಪ್ರಾವೀಣ್ಯದ ಪ್ರಮಾಣಪತ್ರ ಕೊಡುವ ಡೆಲೆ ಪರೀಕ್ಷೆಯ ಬಿ1 ಹಂತ ಬರೆಯಲು ದೆಹಲಿಗೆ ಹೋಗಿದ್ದೆ. ಶುಲ್ಕ ಬಿಟ್ಟು ರೈಲಿಗೆ 2,340, ಎರಡು ರಾತ್ರಿಯ ಕೋಣೆಗೆ 3,600. ಓದು ಮತ್ತು ಬರಹದ ಗುಂಪಿನಲ್ಲಿ 50ಕ್ಕೆ 28.4 ಬಂತು, ಕೇಳುವ ಮತ್ತು ಮಾತನಾಡುವ ಗುಂಪಿನಲ್ಲಿ 43. ಎರಡರಲ್ಲೂ ತಲಾ 30 ಬೇಕು. ಒಟ್ಟು 71.4 ತೆಗೆದವಳು ನಪಾಸು.

ನನ್ನನ್ನು ಮುಳುಗಿಸಿದ್ದು ಸರ್ವನಾಮ. ‘ಅದನ್ನು ನನಗೆ ಹೇಳು’ ಎನ್ನಲು ‘ದಿ’ಗೆ ‘ಮೆ’, ‘ಲೊ’ ಎರಡನ್ನೂ ಬಾಲದಂತೆ ಅಂಟಿಸಿ ‘ದೀಮೆಲೊ’ ಎನ್ನಬೇಕು. ಅಂಟಿಸಿದೊಡನೆ ಮೊದಲ ಸ್ವರದ ಮೇಲೆ ಒತ್ತುಗೆರೆ ಬರೆಯಬೇಕು. ‘ಹೇಳಬೇಡ’ ಎಂದರೆ ಅದೇ ಬಾಲ ಮುಂದಕ್ಕೆ ಹಾರಿ ‘ನೋ ಮೆ ಲೊ ದಿಗಾಸ್’ ಆಗುತ್ತದೆ. ನಾನು ಬರೆದದ್ದು ‘ನೋ ದಿಮೆಲೊ’. ಅದೂ ಒಂದೇ ಪತ್ರದಲ್ಲಿ ಎರಡು ಕಡೆ, ಒತ್ತುಗೆರೆಯೂ ಇಲ್ಲದೆ. ಕನ್ನಡದಲ್ಲಿ ಯೋಚಿಸುವುದನ್ನು ಮೊದಲು ನಿಲ್ಲಿಸಿ.

ಧಾರವಾಡದ ನಿವೃತ್ತ ಮಾಸ್ತರ: ಆ ಮಾತು ಆಡಬೇಡಿ ತಂಗಿ. ಮಗಳು ಕೊಲಂಬಿಯಾದ ಬೊಗೊತಾದಲ್ಲಿದ್ದಾಳೆ, ಅರವತ್ತೆರಡು ದಾಟಿದ ಮೇಲೆ ಕಲಿತವನು ನಾನು. ನನಗೆ ದಾರಿ ತೋರಿಸಿದ್ದೇ ಕನ್ನಡ. ‘ಬರು’ ಎಂಬುದು ಅಪ್ಪಣೆಯಲ್ಲಿ ‘ಬಾ’ ಆಗುತ್ತದೆ, ‘ತರು’ ಎಂಬುದು ‘ತಾ’. ದಿನವೂ ಬಾಯಲ್ಲಿ ಸವೆದ ಕ್ರಿಯಾಪದಗಳು ಹೀಗೆ ಮೊಟಕಾಗುತ್ತವೆ. ಅವರಲ್ಲೂ ಅಂಥವು ಎಂಟಿವೆ: ದಿ, ಆಸ್, ಬೆ, ಪೋನ್, ಸಾಲ್, ಸೆ, ತೆನ್, ಬೆನ್. ನಾವೇನು ‘ಬಾಬೇಡ’ ಎನ್ನುತ್ತೇವೆಯೇ? ‘ಬರಬೇಡ’ ಎನ್ನುತ್ತೇವೆ. ಅವರೂ ‘ನೋ ಬೆನ್’ ಎನ್ನುವುದಿಲ್ಲ, ‘ನೋ ಬೆಂಗಾಸ್’ ಎನ್ನುತ್ತಾರೆ. ಇದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬೊಗೊತಾದಲ್ಲಿ ಕಾಫಿ ಕೇಳುವುದು ‘ರೆಗಾಲೆಮೆ ಉನ್ ತಿಂತೊ’ ಎಂದು. ಪದಶಃ, ಕಾಫಿಯನ್ನು ಉಡುಗೊರೆಯಾಗಿ ಕೊಡಿ. ದುಡ್ಡು ಕೊಟ್ಟೇ ಕುಡಿಯಬೇಕು. ಪಕ್ಕದ ಮನೆಯ ತಾಯಿ ತನ್ನ ನಾಲ್ಕು ವರ್ಷದ ಮಗನಿಗೂ ‘ಉಸ್ತೆದ್’ ಎನ್ನುತ್ತಾಳೆ. ನಾನು ನನ್ನ ಅವ್ವನನ್ನು ಕೊನೆಯವರೆಗೂ ‘ನೀನು’ ಎಂದೇ ಕರೆದವನು. ಗೌರವ ವಚನದಲ್ಲಿ ಇರುವುದಿಲ್ಲ.

ಡೆಲೆ ಬರೆದವಳು: ಸರ್, ನಿಮಗೆ ಅಂಕವೂ ಇಲ್ಲ, ಗಡುವೂ ಇಲ್ಲ. ಮತ್ತೆ ಶುಲ್ಕ ಕಟ್ಟಿ ಮತ್ತೆ ರೈಲು ಹತ್ತಿದವಳು ನಾನು.

ಬ್ಯೂನಸ್ ಐರಿಸ್‌ನಿಂದ: ಮಾಸ್ತರರ ಆ ಎಂಟರಲ್ಲಿ ‘ಸೆ’ ಒಂದನ್ನು ಬಿಟ್ಟರೆ ಉಳಿದವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಸಲಿಗೆಯ ಸರ್ವನಾಮ ‘ಬೋಸ್’. ಕ್ರಿಯಾಪದದ ಕೊನೆಯ ‘ರ್’ ಕಿತ್ತು ಕೊನೆಯ ಸ್ವರವನ್ನು ಒತ್ತಿ ಹೇಳಿದರೆ ಆಯಿತು: ಬೆನೀ, ದೆಸೀ, ಪೋನೇ, ತೆನೇ. ‘ಹೋಗು’ ಎನ್ನಲು ಮಾತ್ರ ‘ಆಂದಾ’. ನಾಲ್ಕು ತಿಂಗಳು ಕಂಠಪಾಠ ಮಾಡಿ ಬಂದು ಇಳಿದ ವಾರವೇ ಎಲ್ಲವನ್ನೂ ಬಿಟ್ಟೆ.

ಹುಬ್ಬಳ್ಳಿಯವಳು: ಎಲ್ಲರಿಗೂ ಧನ್ಯವಾದ. ಗ್ವಾದಲಹಾರದ ತಂಡದ ಒಬ್ಬೊಬ್ಬರಿಗೆ ಸಲಿಗೆಯ ‘ತೂ’ ಎನ್ನಲೇ, ‘ಉಸ್ತೆದ್’ ಎನ್ನಲೇ?

ಮೆಕ್ಸಿಕೊ ಗ್ರಾಹಕರೊಂದಿಗೆ ಏಳು ವರ್ಷ: ಅವರಾಗಿಯೇ ‘ತೂ’ ಎನ್ನುವ ತನಕ ‘ಉಸ್ತೆದ್’. ಬೊಸೋತ್ರೋಸ್ ಪುಟಗಳನ್ನು ತೆರೆಯಲೇಬೇಡಿ ಮೇಡಂ.

ಮ್ಯಾಡ್ರಿಡ್ ವಾಸಿ: ಮುಂದಿನ ವರ್ಷ ಇವರನ್ನು ಕಂಪನಿ ಬಾರ್ಸಿಲೋನಾಕ್ಕೆ ಕಳುಹಿಸಿದರೆ ಆಗ ಯಾರು ಬಂದು ಕಲಿಸುತ್ತಾರೆ, ನೀವೇ?